ಸಾರ್ವಜನಿಕ ಉದ್ಯೋಗದಾತರ ಕಾರ್ಮಿಕ ವಿವಾದಗಳಲ್ಲಿ ದಾವಾ ವೆಚ್ಚ (ಕರ್ನಾಟಕ)

ಸಾರ್ವಜನಿಕ ಉದ್ಯೋಗದಾತರ ಕಾರ್ಮಿಕ ವಿವಾದಗಳಲ್ಲಿ ದಾವಾ ವೆಚ್ಚ ಎಂಬುದು ಸಾರಿಗೆ ನಿಗಮ, ಜಲಮಂಡಳಿ ಮುಂತಾದ ಸಂಸ್ಥೆಗಳಿಗೂ ಅವುಗಳ ಕಾರ್ಮಿಕರಿಗೂ ನಡೆಯುವ ವ್ಯಾಜ್ಯದ ಖರ್ಚನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ಸಂಬಂಧಿಸಿದೆ. ಕರ್ನಾಟಕದಲ್ಲಿ ಈ ವಿಷಯವನ್ನು ಬಹುಕಾಲ ನಿಯಂತ್ರಿಸಿದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ.

ಕಾನೂನಿನ ನೆಲೆ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಂತೆ ಸಾಮಾನ್ಯವಾಗಿ ಗೆದ್ದವರಿಗೆ ಖರ್ಚು ಸಲ್ಲುತ್ತದೆ. ಹಾಗೆ ಕೊಡಿಸದಿದ್ದರೆ ನ್ಯಾಯಾಲಯವು ಕಾರಣ ಬರೆಯಬೇಕು. 1947ರ ಕಾಯ್ದೆಯಲ್ಲಿ ಇಂಥ ಕಟ್ಟುಪಾಡು ಇರಲಿಲ್ಲ. ಅದರ 11(7)ನೇ ಕಲಂ ಖರ್ಚನ್ನು ಯಾರು, ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಕೊಡಬೇಕೆಂಬುದನ್ನು ಸಂಪೂರ್ಣವಾಗಿ ಕಾರ್ಮಿಕ ನ್ಯಾಯಾಲಯ ಅಥವಾ ನ್ಯಾಯಾಧಿಕರಣದ ವಿವೇಚನೆಗೆ ಬಿಟ್ಟಿತ್ತು. ಆದೇಶಿತ ಮೊತ್ತವನ್ನು ಅರ್ಹರ ಅರ್ಜಿಯ ಮೇರೆಗೆ ಸರ್ಕಾರವು ಭೂಕಂದಾಯ ಬಾಕಿಯಂತೆ ವಸೂಲು ಮಾಡಬಹುದಿತ್ತು. ರಾಜ್ಯದ ನಿಗಮವೇ ಸೋತಾಗ, ಸರ್ಕಾರವು ತನ್ನದೇ ಸಂಸ್ಥೆಯಿಂದ ಕಾರ್ಮಿಕನಿಗಾಗಿ ವಸೂಲಿಗಿಳಿಯಬೇಕಾದ ವಿಚಿತ್ರ ಸ್ಥಿತಿ ಇದರಿಂದ ಒದಗುತ್ತಿತ್ತು.

ಅಧಿಕಾರ ಇಷ್ಟು ವಿಶಾಲವಾಗಿದ್ದರೂ 'ಖರ್ಚಿನ ಬಗ್ಗೆ ಆದೇಶವಿಲ್ಲ' ಎಂದು ಮುಗಿಯುವ ತೀರ್ಪುಗಳು ಸಾಮಾನ್ಯ. ಆಗ ಅವರವರ ಖರ್ಚು ಅವರವರಿಗೇ ಉಳಿಯುತ್ತದೆ. ಮೇಲ್ನೋಟಕ್ಕೆ ಇದು ಸಮಾನ ನ್ಯಾಯ. ಆದರೆ ನಿಗಮದ ಖರ್ಚು ಸಂಸ್ಥೆಯ ನಿಧಿಯಿಂದ ಹೋಗುತ್ತದೆ. ಸಂಘದ ಖರ್ಚು ಸದಸ್ಯರ ವಂತಿಗೆಯಿಂದ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಕಲಂ ಸದಸ್ಯರ ಹಕ್ಕಿನ ವ್ಯಾಜ್ಯಗಳಿಗೆ ಸಂಘದ ಸಾಮಾನ್ಯ ನಿಧಿಯನ್ನು ಬಳಸಲು ಅವಕಾಶ ನೀಡಿತ್ತು.

ವಕೀಲರ ಪ್ರಶ್ನೆ

ಖರ್ಚನ್ನು ಮಿತಿಯಲ್ಲಿಡಲು ಕಾಯ್ದೆಯು ವಕೀಲರನ್ನೇ ದೂರವಿಡಲು ಯತ್ನಿಸಿತು. 36ನೇ ಕಲಮಿನಂತೆ ರಾಜಿ ಸಂಧಾನದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ಎದುರು ಪಕ್ಷದ ಒಪ್ಪಿಗೆ, ನ್ಯಾಯಾಲಯದ ಅನುಮತಿ ಎರಡೂ ಬೇಕಿತ್ತು. 1976ರ ಪಾರಾದೀಪ್ ಬಂದರು ಮಂಡಳಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಜೊತೆಗೆ, ಸಂಘದ ಪದಾಧಿಕಾರಿಯಾದ ವಕೀಲನು ಆ ಹುದ್ದೆಯ ಬಲದಿಂದಲೇ ಹಾಜರಾಗಬಹುದೆಂದೂ ಹೇಳಿತು. ಸಂಬಳದ ಕಾನೂನು ಅಧಿಕಾರಿಗಳಿರುವ ಸಂಸ್ಥೆಯೆದುರು ಸಣ್ಣ ಸಂಘಕ್ಕೆ ಈ ನಿರ್ಬಂಧ ಎಷ್ಟು ನೆರವಾಯಿತೆಂಬುದು ಚರ್ಚಾಸ್ಪದ. ಉಚ್ಚ ನ್ಯಾಯಾಲಯದ ರಿಟ್ ಅರ್ಜಿಗಳಿಗಂತೂ ಇದು ಅನ್ವಯಿಸುವುದಿಲ್ಲ.

ಮೇಲಿನ ನ್ಯಾಯಾಲಯಗಳು

ನಿಜವಾದ ಹೊರೆ ಆರಂಭವಾಗುವುದು ಅಲ್ಲಿ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ನೌಕರರಿಂದ ದಂಡ ವಸೂಲು ಮಾಡಿದಾಗ ಅವರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ತಾನು 'ಉದ್ಯಮ'ವೇ ಅಲ್ಲವೆಂದು ಮಂಡಳಿ ವಾದಿಸಿತು. ಏಳು ನ್ಯಾಯಮೂರ್ತಿಗಳ ಪೀಠವು ಆ ವಾದವನ್ನು ತಳ್ಳಿಹಾಕಿದ್ದು 1978ರ ಫೆಬ್ರವರಿ 21ರಂದು.

ಸುದೀರ್ಘ ಮೇಲ್ಮನವಿಗಳಿಂದ ಕಾರ್ಮಿಕನನ್ನು ಕಾಪಾಡಲು 1982ರ ತಿದ್ದುಪಡಿಯಲ್ಲಿ 17ಬಿ ಕಲಂ ಸೇರಿತು. ಮರುನೇಮಕದ ಆದೇಶವನ್ನು ಉದ್ಯೋಗದಾತ ಪ್ರಶ್ನಿಸಿದರೆ, ಬೇರೆ ಉದ್ಯೋಗವಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದ ಕಾರ್ಮಿಕನಿಗೆ ವ್ಯಾಜ್ಯ ಮುಗಿಯುವವರೆಗೆ ಕೊನೆಯ ಪೂರ್ಣ ವೇತನ ಕೊಡಬೇಕಿತ್ತು. ಇದು ದಾವಾ ಖರ್ಚಲ್ಲ. ಆದರೂ ಖರ್ಚಿನ ಆದೇಶಕ್ಕಿಂತ ಹೆಚ್ಚು ಉಪಯುಕ್ತವಾದ ರಕ್ಷಣೆ.

ಹರಪನಹಳ್ಳಿ ಭಾಗದಲ್ಲಿ

ಉಚ್ಚಂಗಿದುರ್ಗ ಇರುವ ಹರಪನಹಳ್ಳಿ ತಾಲ್ಲೂಕು ಹಾಗೂ ನೆರೆಯ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೊಗಳಿವೆ. ಇಲ್ಲಿ ಪ್ರಯಾಣವೂ ಖರ್ಚಿನ ಒಂದು ಭಾಗ. ಹರಪನಹಳ್ಳಿಯು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದು, ಬಳಿಕ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ದಾವಣಗೆರೆ ಜಿಲ್ಲೆ ಉಚ್ಚ ನ್ಯಾಯಾಲಯದ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಯಲ್ಲಿದ್ದರೆ, ಬಳ್ಳಾರಿ ಮತ್ತು ವಿಜಯನಗರ ಧಾರವಾಡ ಪೀಠದ ವ್ಯಾಪ್ತಿಯಲ್ಲಿವೆ.

ವಜಾಗೊಂಡ ಕಾರ್ಮಿಕನು ಸಂಘದ ಅಥವಾ ಸರ್ಕಾರದ ಮೂಲಕವೇ ಹೋಗಬೇಕೆಂದಿರಲಿಲ್ಲ. 1988ರ ರಾಜ್ಯ ತಿದ್ದುಪಡಿಯ 10(4ಎ) ಕಲಮಿನಂತೆ ಆರು ತಿಂಗಳೊಳಗೆ ತಾನೇ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದಿತ್ತು. ಆಗ ಸಂಘದ ನಿಧಿಯ ಆಸರೆ ಇರದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ನೆರವಿಗೆ ಬರುತ್ತದೆ: ಅದರ 12ನೇ ಕಲಂ ಕೈಗಾರಿಕಾ ಕಾರ್ಮಿಕರನ್ನು ಉಚಿತ ಕಾನೂನು ನೆರವಿಗೆ ಅರ್ಹರ ಪಟ್ಟಿಯಲ್ಲಿ ಹೆಸರಿಸಿದೆ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಸಲ್ಲಿಸಬಹುದು.

ಹೊಸ ಸಂಹಿತೆ

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1926 ಮತ್ತು 1947ರ ಕಾಯ್ದೆಗಳ ಸ್ಥಾನವನ್ನು ಪಡೆಯಿತು. ದಾವಾ ವೆಚ್ಚವನ್ನು ನ್ಯಾಯಾಧಿಕರಣದ ವಿವೇಚನೆಗೆ ಬಿಡುವ ಕ್ರಮ ಅದರಲ್ಲಿಯೂ ಮುಂದುವರಿದಿದೆ.