ಹಳೆಯ ಜಾವಾ, ಯೆಜ್ಡಿ ಇಂಜಿನ್‌ಗೆ ಪೌಡರ್ ಕೋಟಿಂಗ್: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯೊಡನೆ 1961ರಲ್ಲಿ ಅಲ್ಲಿ ಆರಂಭವಾದ ಮೋಟಾರ್‌ಸೈಕಲ್ ತಯಾರಿಕೆ 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರಿನಲ್ಲಿ ಮುಂದುವರಿದಿತ್ತು. 2018ರಲ್ಲಿ ಜಾವಾ ಹಾಗೂ 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿದವಾದರೂ ಅವು ನಾಲ್ಕು ಸ್ಟ್ರೋಕ್ ಇಂಜಿನ್ನಿನ ಹೊಸ ವಾಹನಗಳು. ಹಳೆಯ ಎರಡು ಸ್ಟ್ರೋಕ್ ಇಂಜಿನ್ನಿಗೂ ಅವುಗಳಿಗೂ ನಂಟಿಲ್ಲ. ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್‌ಗಳಂಥ ಸವೆಯುವ ಭಾಗಗಳು ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಇಂಜಿನ್ ನಂಬರ್ ಹೊತ್ತ ಮೂಲ ಕ್ರ್ಯಾಂಕ್‌ಕೇಸ್ ಕೆಟ್ಟರೆ ಅದಕ್ಕೆ ಸರಿಸಾಟಿಯಾದದ್ದು ಸಿಗುವುದಿಲ್ಲ. ಹಳೆಯ ಇಂಜಿನ್ನಿಗೆ ಪೌಡರ್ ಕೋಟಿಂಗ್ ಮಾಡಿಸುವ ವಿಚಾರವನ್ನು ಈ ಸಂಗತಿಯಿಂದಲೇ ಆರಂಭಿಸಬೇಕಾಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಸಂಪಿಗೆಯಂಥ ಊರುಗಳ ತೋಟದ ಮನೆಗಳ ಮೂಲೆಯಲ್ಲಿ ಹಳೆಯ ಜಾವಾ, ಯೆಜ್ಡಿಗಳು ಈಗಲೂ ಕಾಣಸಿಗುವುದುಂಟು. ಕೊಬ್ಬರಿ ಅಟ್ಟದ ಕೆಳಗೆ ಧೂಳು ಹಿಡಿದು ನಿಂತ ಇಂಥ ವಾಹನವನ್ನು ಮೊಮ್ಮಗನೊಬ್ಬ ಹೊರಗೆಳೆದು, ಇಂಜಿನ್ ಬಿಚ್ಚಿಸಿ, ಕಪ್ಪು ಇಂಜಿನ್ನಿನ ‘ಕಸ್ಟಮ್’ ಗಾಡಿ ಕಟ್ಟಿಸಲು ಹೊರಡುವುದು ಈಚಿನ ವರ್ಷಗಳ ಉತ್ಸಾಹ. ಬಿಚ್ಚಿದ ಭಾಗಗಳು ಗೋಣಿಚೀಲದಲ್ಲಿ ತುಮಕೂರಿಗೋ ತುಮಕೂರು ರಸ್ತೆಯಲ್ಲೇ ಮುಂದೆ ಬೆಂಗಳೂರಿನ ಪೀಣ್ಯಕ್ಕೋ ಹೋಗುತ್ತವೆ. ಅಲ್ಲಿನ ಕೋಟಿಂಗ್ ಘಟಕಗಳು ಬಹುಪಾಲು ಕಬ್ಬಿಣದ ಬೀರು, ಕಿಟಕಿ ಚೌಕಟ್ಟು, ಯಂತ್ರದ ಕವಚಗಳಂಥ ಒಂದೇ ಬಗೆಯ ಸರಕನ್ನು ರಾಶಿಯಾಗಿ ಮಾಡಲು ಸಜ್ಜಾದವು. ಅರುವತ್ತು ವರ್ಷ ಹಳೆಯ ಅಲ್ಯೂಮಿನಿಯಂ ಎರಕದ ಸ್ವಭಾವವನ್ನು ಅವರಿಗೆ ತಿಳಿಸಿ ಹೇಳುವ ಹೊಣೆ ವಾಹನದ ಒಡೆಯನದೇ.

ಪೌಡರ್ ಕೋಟಿಂಗ್ ಎಂದರೇನು?

ಇದು ದ್ರವರೂಪದ ಬಣ್ಣವಲ್ಲ, ಥಿನ್ನರ್ ಬೇಕಿಲ್ಲ. ನುಣ್ಣಗೆ ಅರೆದ ರಾಳ ಹಾಗೂ ಬಣ್ಣದ ಪುಡಿಗೆ ಗನ್ನಿನ ಮೂಲಕ ಹತ್ತಾರು ಸಾವಿರ ವೋಲ್ಟ್‌ಗಳ ವಿದ್ಯುತ್ ಆವೇಶ ನೀಡಿ, ಭೂಸಂಪರ್ಕ ಹೊಂದಿದ ಲೋಹದ ಮೇಲೆ ಊದಲಾಗುತ್ತದೆ. ಆವೇಶದ ಸೆಳೆತದಿಂದ ಪುಡಿಯು ಲೋಹಕ್ಕೆ ಅಂಟಿ ನಿಲ್ಲುತ್ತದೆ. ಬಳಿಕ ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10ರಿಂದ 20 ನಿಮಿಷ ಇಟ್ಟಾಗ ಪುಡಿ ಕರಗಿ, ಹರಡಿ, ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿ ಪದರವಾಗುತ್ತದೆ. ಪದರದ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೆ. ಪ್ಲಾಸ್ಟಿಕ್ ಪುಡಿಯಿಂದ ಲೋಹಕ್ಕೆ ಹೊದಿಕೆ ಕೊಡುವ ವಿಧಾನವನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದವರು ಜರ್ಮನಿಯ ಎರ್ವಿನ್ ಗೆಮ್ಮರ್. ಅಂದು ಕಾಯಿಸಿದ ಲೋಹವನ್ನು ಗಾಳಿಯಲ್ಲಿ ತೇಲುವ ಪುಡಿಯೊಳಗೆ ಅದ್ದಲಾಗುತ್ತಿತ್ತು. ಗನ್ನಿನಿಂದ ಊದುವ ಪದ್ಧತಿ 1960ರ ದಶಕದಲ್ಲಿ ಬಳಕೆಗೆ ಬಂತು.

ಪುಡಿಗಳಲ್ಲಿಯೂ ಬಗೆಗಳುಂಟು. ಎಪಾಕ್ಸಿ ಪುಡಿ ಎಣ್ಣೆ, ಪೆಟ್ರೋಲುಗಳಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ಮಂಕಾಗಿ ಸುಣ್ಣದಂತೆ ಉದುರತೊಡಗುತ್ತದೆ. ಪಾಲಿಯೆಸ್ಟರ್ ಪುಡಿ ಬಿಸಿಲನ್ನು ತಾಳುತ್ತದೆ. ರಸ್ತೆಗಿಳಿಯುವ ವಾಹನಕ್ಕೆ ಎರಡನೆಯದನ್ನೇ ಕೇಳಿ ಪಡೆಯುವುದು ಲೇಸು. ಎರಡರ ಮಿಶ್ರಣವಾದ ‘ಹೈಬ್ರಿಡ್’ ಪುಡಿ ಮನೆಯೊಳಗಿನ ಪೀಠೋಪಕರಣಗಳಿಗಾಗಿ ಇರುವಂಥದು. ಅಗ್ಗವೆಂದು ಅದನ್ನು ಒಪ್ಪಬಾರದು.

ಎರಡು ಸ್ಟ್ರೋಕ್ ಇಂಜಿನ್ನಿನ ಸೂಕ್ಷ್ಮ

ಜಾವಾ 250 ಇಂಜಿನ್ 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್‌ನ ಒಂಟಿ ಸಿಲಿಂಡರಿನದು. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಎಣ್ಣೆ ತುಂಬಿದ ಪಾತ್ರೆಯಾದರೆ ಇಲ್ಲಿ ಅದೇ ಒಂದು ಪಂಪು. ಆಯಿಲ್ ಬೆರೆಸಿದ ಪೆಟ್ರೋಲು ಮತ್ತು ಗಾಳಿ ಕಾರ್ಬುರೇಟರಿನಿಂದ ಮೊದಲು ಕ್ರ್ಯಾಂಕ್‌ಕೇಸಿನೊಳಕ್ಕೆ ಬಂದು, ಪಿಸ್ಟನ್ ಇಳಿಯುವಾಗ ಒತ್ತಡಕ್ಕೊಳಗಾಗಿ, ಪೋರ್ಟುಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ಈ ರಚನೆಯಿಂದ ಕೋಟಿಂಗ್ ಕೆಲಸಕ್ಕೆ ಎರಡು ಅಪಾಯಗಳು ಒದಗುತ್ತವೆ.

ಮೊದಲನೆಯದು ಗಾಳಿ ಸೋರಿಕೆ. ಕೇಸಿನ ಎರಡು ಭಾಗಗಳು ಕೂಡುವ ಮುಖದ ಮೇಲೆ, ಇಲ್ಲವೇ ಸಿಲಿಂಡರ್ ಕೂರುವ ಮುಖದ ಮೇಲೆ ಪುಡಿಯ ಪದರ ಉಳಿದುಬಿಟ್ಟರೆ ಪ್ಯಾಕಿಂಗ್ ಸರಿಯಾಗಿ ಕೂರದು. ಹೊರಗಿನಿಂದ ಹೆಚ್ಚುವರಿ ಗಾಳಿ ಒಳಸೇರಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗುತ್ತದೆ; ಪೆಟ್ರೋಲಿನೊಡನೆ ಬರುವ ಆಯಿಲ್ಲೂ ತಗ್ಗುತ್ತದೆ. ಪಿಸ್ಟನ್ ಕಾದು ಬಿಗಿದುಕೊಳ್ಳುವುದು, ಅಂದರೆ ಮೆಕ್ಯಾನಿಕ್‌ಗಳು ‘ಸೀಜ್ ಆಯ್ತು’ ಎನ್ನುವುದು, ಆಗಲೇ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಹಠಾತ್ತನೆ ನಿಲ್ಲುವ ಈ ಸ್ಥಿತಿ ಸವಾರನ ಪ್ರಾಣಕ್ಕೂ ಸಂಚಕಾರ ತರಬಲ್ಲದು.

ಎರಡನೆಯದು ಮರಳು. ಹಳೆಯ ಬಣ್ಣ, ತುಕ್ಕು ತೆಗೆಯಲು ಮಾಡುವ ಸ್ಯಾಂಡ್ ಬ್ಲಾಸ್ಟಿಂಗ್‌ನ ಕಣಗಳು ಕೇಸಿನ ಮೂಲೆ, ಬೇರಿಂಗ್‌ಗೆ ಎಣ್ಣೆ ಹೋಗುವ ಸಣ್ಣ ರಂಧ್ರ, ಬೋಲ್ಟಿನ ಕುರುಡು ತೂತುಗಳಲ್ಲಿ ಸೇರಿಕೊಳ್ಳುತ್ತವೆ. ಮಿಶ್ರಣವು ಇದೇ ಕೇಸಿನ ಮೂಲಕ ಹಾದುಹೋಗುವ ಕಾರಣ ಉಳಿದ ಒಂದು ಚಿಟಿಕೆ ಮರಳೂ ನೇರವಾಗಿ ಬೇರಿಂಗಿಗೆ, ಅಲ್ಲಿಂದ ಸಿಲಿಂಡರಿನ ಗೋಡೆಗೆ ತಲಪುತ್ತದೆ. ಹೊಸ ಬೋರು ಕೆಲವೇ ನೂರು ಕಿಲೋಮೀಟರುಗಳಲ್ಲಿ ಗೀರುಬಿದ್ದು ಹಾಳಾಗಲು ಅಷ್ಟು ಸಾಕು.

ಆದುದರಿಂದ ಕೇಸಿನ ಒಳಭಾಗಕ್ಕೆ ಬ್ಲಾಸ್ಟಿಂಗ್ ತಾಗದಂತೆ ರಬ್ಬರ್ ಹಾಳೆ ಮತ್ತು ಬಿರಡೆಗಳಿಂದ ಮುಚ್ಚಿಸಬೇಕು. ಸಾಧ್ಯವಾದರೆ ಮರಳಿನ ಬದಲಿಗೆ ಮೃದುವಾದ ಪುಡಿಯನ್ನು ಕೇಳಬಹುದು. ಅಕ್ರೋಟಿನ ಚಿಪ್ಪು, ತೆಂಗಿನ ಚಿಪ್ಪುಗಳನ್ನು ಒಡೆದು ಮಾಡಿದ ಹರಳುಗಳನ್ನು ಇಂಥ ಕೆಲಸಕ್ಕೆ ಬಳಸುವುದುಂಟು. ಅವು ಮೆದುವಾದ ಅಲ್ಯೂಮಿನಿಯಂ ಮೈಯನ್ನು ಅಷ್ಟಾಗಿ ತಿನ್ನುವುದಿಲ್ಲ. ಚಿಪ್ಪಿಗೆ ಬರವಿಲ್ಲದ ತಿಪಟೂರು ಸೀಮೆಯವರಿಗೆ ಇದು ಸ್ವಾರಸ್ಯದ ಸಂಗತಿಯಾದೀತು. ಆದರೆ ಈ ಹರಳು ಎಣ್ಣೆ, ಮಸಿ, ಸಡಿಲ ಬಣ್ಣವನ್ನು ತೆಗೆಯುತ್ತದೆಯೇ ಹೊರತು ಪುಡಿ ಹಿಡಿಯಲು ಬೇಕಾದ ಒರಟುತನವನ್ನು ಲೋಹಕ್ಕೆ ತರುವುದಿಲ್ಲ. ಹಾಗಾಗಿ ಕೋಟಿಂಗ್ ಆಗಲಿರುವ ಹೊರಮೈಗೆ ನಯವಾದ ಬ್ಲಾಸ್ಟಿಂಗ್ ಬೇಕೇ ಬೇಕು.

ಏಳು ತೊಟ್ಟಿಯ ಗಂಡಾಂತರ

ಕಬ್ಬಿಣದ ಸಾಮಾನುಗಳನ್ನು ಕೋಟಿಂಗ್‌ಗೆ ಸಿದ್ಧಗೊಳಿಸಲು ನಮ್ಮ ಬಹುತೇಕ ಘಟಕಗಳು ‘ಸೆವೆನ್ ಟ್ಯಾಂಕ್’ ಪದ್ಧತಿಯನ್ನು ಅನುಸರಿಸುತ್ತವೆ. ಜಿಡ್ಡು ತೆಗೆಯುವ ಕ್ಷಾರ, ತುಕ್ಕು ತೆಗೆಯುವ ಆಮ್ಲ, ಫಾಸ್ಫೇಟ್ ಲೇಪ, ನಡುನಡುವೆ ನೀರು, ಹೀಗೆ ಸರಕು ಒಂದರ ನಂತರ ಒಂದು ತೊಟ್ಟಿಗೆ ಇಳಿಯುತ್ತದೆ. ಉಕ್ಕಿಗೆ ಇದು ಉತ್ತಮ ವ್ಯವಸ್ಥೆ. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನು ಅದೇ ಬುಟ್ಟಿಯಲ್ಲಿ ಇಳಿಬಿಟ್ಟರೆ ಮಾತ್ರ ಅನಾಹುತ. ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರವು ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಬೇರಿಂಗ್ ಕೂರುವ ರಂಧ್ರ, ಥ್ರೆಡ್, ಕೂಡುಮುಖ ಯಾವುದನ್ನೂ ಬಿಡುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಪ್ರತ್ಯೇಕವಾದ ಸೌಮ್ಯ ಕ್ಲೀನರ್ ಹಾಗೂ ಅದಕ್ಕೆಂದೇ ಇರುವ ಪೂರ್ವಲೇಪವಿದೆ. ಘಟಕದಲ್ಲಿ ಆ ಸೌಲಭ್ಯವಿಲ್ಲದಿದ್ದರೆ ತೊಟ್ಟಿಯ ಕೆಲಸವೇ ಬೇಡ, ಬ್ಲಾಸ್ಟಿಂಗ್ ಮಾತ್ರ ಸಾಕು ಎಂದು ಬರೆದುಕೊಡುವುದು ಕ್ಷೇಮ. ಬಾಯಿಮಾತಿನ ಸೂಚನೆ ಮೇಸ್ತ್ರಿಯಿಂದ ಕೆಲಸಗಾರನಿಗೆ ತಲಪುವಷ್ಟರಲ್ಲಿ ಏನಾಗಿರುತ್ತದೆಂಬುದು ಎಲ್ಲರಿಗೂ ಗೊತ್ತಿರುವುದೇ.

ಓವನ್ನಿಗೆ ಮುನ್ನ

ಬೇರಿಂಗ್, ಆಯಿಲ್ ಸೀಲ್, ಸ್ಟಡ್, ಬುಷ್‌ಗಳನ್ನೆಲ್ಲ ತೆಗೆದಿರಬೇಕು. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ತೆಗೆಯುವುದು ಹಳೆಯ ಎರಕಕ್ಕೆ ಅಪಾಯ. ಕೇಸನ್ನು ಸುಮಾರು 100 ಡಿಗ್ರಿಗೆ ಕಾಯಿಸಿದರೆ ಅಲ್ಯೂಮಿನಿಯಂ ಹಿಗ್ಗಿ ಬೇರಿಂಗ್ ಸುಲಭವಾಗಿ ಬಿಟ್ಟುಕೊಡುತ್ತದೆ.

ಹಿಂದೆ ಎಂದೋ ಬಿರುಕಿಗೆ ಎಂ-ಸೀಲ್, ಅರಾಲ್ಡೈಟ್ ಮೆತ್ತಿದ ಗುರುತುಗಳಿವೆಯೇ ಎಂದು ಹುಡುಕಬೇಕು. ಹಳ್ಳಿಗಾಡಿನಲ್ಲಿ ಓಡಿದ ಗಾಡಿಗಳಲ್ಲಿ ಇಂಥ ತೇಪೆ ಅಪರೂಪವೇನಲ್ಲ. 200 ಡಿಗ್ರಿಯಲ್ಲಿ ಆ ಅಂಟು ನಿಲ್ಲುವುದಿಲ್ಲ; ಕೋಟಿಂಗ್‌ನ ಅಡಿಯಲ್ಲಿ ಸಡಿಲಗೊಂಡು, ಹೊರಗಿನಿಂದ ಅಂದವಾಗಿ ಕಾಣುತ್ತಲೇ ಸೋರತೊಡಗುತ್ತದೆ. ಅಂಥ ಬಿರುಕನ್ನು ಮೊದಲು ಅಲ್ಯೂಮಿನಿಯಂ ವೆಲ್ಡಿಂಗ್‌ನಿಂದ ಸರಿಪಡಿಸಿ, ಕೂಡುಮುಖ ಸೊಟ್ಟಗಾಗಿಲ್ಲವೆಂದು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿಕೊಂಡು ಮುಂದುವರಿಯಬೇಕು.

ಹಳೆಯ ಎರಕದ ಇನ್ನೊಂದು ಗುಣವೆಂದರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ದಶಕಗಳ ಎಣ್ಣೆ ಇಳಿದಿರುವುದು. ಎಷ್ಟು ತೊಳೆದರೂ ಅದು ಹೊರಬಾರದು, ಓವನ್ನಿನ ಕಾವಿಗೆ ಮಾತ್ರ ಹೊರಡುತ್ತದೆ. ಆ ವೇಳೆಗೆ ಮೇಲೆ ಪುಡಿ ಇದ್ದರೆ ಗುಳ್ಳೆ, ಸೂಜಿಮೊನೆಯಷ್ಟು ತೂತುಗಳು ಮೂಡುತ್ತವೆ. ಇದಕ್ಕೆ ಪರಿಹಾರ, ಪುಡಿ ಹಾಕುವ ಮುನ್ನ ಬರಿ ಲೋಹವನ್ನೇ ಪುಡಿ ಬೇಯುವ ಶಾಖಕ್ಕಿಂತ 10–20 ಡಿಗ್ರಿ ಹೆಚ್ಚಿನ ಕಾವಿನಲ್ಲಿ ಅರ್ಧ ಗಂಟೆಗೂ ಮೀರಿ ಕಾಯಿಸಿ, ಹೊರಬಂದ ಜಿಡ್ಡನ್ನು ಒರೆಸಿ, ಅಗತ್ಯವಿದ್ದರೆ ಮತ್ತೊಮ್ಮೆ ಕಾಯಿಸುವುದು. ದಿನದ ಲೆಕ್ಕದಲ್ಲಿ ಓವನ್ ಓಡಿಸುವ ಘಟಕಗಳು ಇದಕ್ಕೆ ಹಿಂದೇಟು ಹಾಕುತ್ತವೆ. ಹೆಚ್ಚಿನ ಹಣ ಕೊಟ್ಟಾದರೂ ಮಾಡಿಸತಕ್ಕ ಕೆಲಸವಿದು.

ಮುಚ್ಚಬೇಕಾದ ಜಾಗಗಳಿಗೆ ಶಾಖ ತಾಳುವ ಪಾಲಿಯೆಸ್ಟರ್ ಟೇಪು ಮತ್ತು ಸಿಲಿಕಾನ್ ಬಿರಡೆಗಳೇ ಬೇಕು. ಸಾಮಾನ್ಯ ಮಾಸ್ಕಿಂಗ್ ಟೇಪು ಓವನ್ನಿನಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ. ಬೇರಿಂಗ್ ತನ್ನ ರಂಧ್ರದಲ್ಲಿ ಬಿಗಿಯಾಗಿ ಕೂರುವುದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳ ವ್ಯತ್ಯಾಸದಿಂದ. ಪುಡಿಯ ಪದರ ಅದಕ್ಕಿಂತ ದಪ್ಪ. ಕೂಡುಮುಖಗಳು, ಎಲ್ಲ ಥ್ರೆಡ್‌ಗಳು, ಇಂಜಿನ್ ಫ್ರೇಮಿಗೆ ಕೂಡುವ ಜಾಗ, ಬೋಲ್ಟಿನ ವಾಷರ್ ಕೂರುವ ಜಾಗ ಇವೆಲ್ಲ ಬರಿ ಲೋಹವಾಗಿಯೇ ಉಳಿಯಬೇಕು. ವಾಷರಿನಡಿ ಪುಡಿ ಇದ್ದರೆ ಕಾಲಕ್ರಮೇಣ ಅದು ನುಗ್ಗಾಗಿ ಬೋಲ್ಟು ಸಡಿಲಗೊಳ್ಳುತ್ತದೆ.

ಬೇಯಿಸುವ ಅವಧಿಯನ್ನು ಲೋಹ ಕಾದ ಹೊತ್ತಿನಿಂದ ಎಣಿಸಬೇಕು. ಓವನ್ನಿನ ಮೀಟರು 200 ತೋರಿಸಿದ ಮಾತ್ರಕ್ಕೆ ದಪ್ಪನೆಯ ಕೇಸು ಕಾದಿರುವುದಿಲ್ಲ. ಸರಿಯಾಗಿ ಬೇಯದ ಪದರ ನೋಡಲು ಹೊಳೆಯುತ್ತದೆ, ಮೊದಲ ಸಲ ಪೆಟ್ರೋಲು ಚೆಲ್ಲಿದಾಗ ಮೆತ್ತಗಾಗುತ್ತದೆ.

ಯಾವ ಭಾಗಕ್ಕೆ ಸಲ್ಲುತ್ತದೆ?

ಸಿಲಿಂಡರಿನ ಮೇಲಿನ ಕೋಟಿಂಗ್ ಶಾಖವನ್ನು ತಡೆದು ಇಂಜಿನ್ ಕಾಯಿಸುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತವಾಗಿದೆ. ಲೆಕ್ಕ ಹಾಕಿ ನೋಡಿದರೆ ಇದು ಅಷ್ಟಾಗಿ ನಿಲ್ಲುವುದಿಲ್ಲ. ಲೋಹದಿಂದ ಗಾಳಿಗೆ ಶಾಖ ದಾಟುವ ಅಂಚಿನಲ್ಲಿಯೇ ಇರುವ ತಡೆಯ ಮುಂದೆ 80 ಮೈಕ್ರಾನ್ ಪದರದ ತಡೆ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ. ನಿಜವಾದ ತೊಂದರೆ ಬೇರೆಯದು. ವಿದ್ಯುತ್ ಆವೇಶ ಹೊತ್ತ ಪುಡಿಯು ಫಿನ್ನುಗಳ ತುದಿಗೆ ಹೆಚ್ಚಾಗಿ ಅಂಟುತ್ತದೆ, ಆಳವಾದ ಸಂದುಗಳ ಬುಡಕ್ಕೆ ಇಳಿಯುವುದಿಲ್ಲ. ಹಳೆಯ ಜಾವಾದ ಸಿಲಿಂಡರ್ ಬೀಡುಕಬ್ಬಿಣದ್ದು. ಪುಡಿ ತಲಪದ ಬುಡದಲ್ಲಿ ತುಕ್ಕು ಹಿಡಿದು, ಪದರದ ಅಡಿಯಲ್ಲಿ ಹಬ್ಬುತ್ತದೆ. ಮೇಲಾಗಿ ಏರುರಸ್ತೆಯಲ್ಲಿ ಭಾರ ಹೊತ್ತಾಗ ಎಗ್ಸಾಸ್ಟ್ ಪೋರ್ಟಿನ ಸುತ್ತಣ ಶಾಖ ಸಾಮಾನ್ಯ ಪುಡಿಯ ತಾಳಿಕೆಯ ಎಲ್ಲೆಯನ್ನು ಮುಟ್ಟಬಲ್ಲದು. ಬಣ್ಣ ಕಂದಿ, ಬಿರಿಯುತ್ತದೆ. ಸಿಲಿಂಡರ್ ಮತ್ತು ಹೆಡ್ಡಿಗೆ ಶಾಖ ತಾಳುವ ಸಿಲಿಕಾನ್ ಬಣ್ಣವನ್ನು ತೆಳುವಾಗಿ ಸ್ಪ್ರೇ ಮಾಡಿಸುವುದೇ ಸೂಕ್ತ. ಸೈಲೆನ್ಸರ್ ಕೊಳವೆಗಂತೂ ಸಾಮಾನ್ಯ ಪುಡಿ ಸಲ್ಲದು.

ಕ್ಲಚ್ ಕವರ್, ಡೈನಮೊ ಕವರ್‌ಗಳು ಹೆಚ್ಚು ಕಾಯದ, ಬಿಚ್ಚಿ ಹಾಕಬಹುದಾದ ಭಾಗಗಳು. ಪುಡಿಗೆ ನಿಜವಾಗಿ ಒಪ್ಪುವವು ಇವೇ. ಆದರೂ ಮೊಟ್ಟೆಯಾಕಾರದ ಆ ಪಾಲಿಶ್ ಮಾಡಿದ ಕವರ್‌ಗಳೇ ಜಾವಾ ಇಂಜಿನ್ನಿನ ಮುಖಲಕ್ಷಣ. ಚೆನ್ನಾಗಿರುವ ಕವರಿಗೆ ಕಪ್ಪು ಬಳಿಸುವುದು ಈ ಲೇಖಕನಿಗೆ ಹಿಡಿಸದ ಕೆಲಸ. ಉಪ್ಪು ತಿಂದಂತೆ ಗುಳಿಬಿದ್ದು ಪಾಲಿಶ್‌ಗೆ ಬಾರದ ಯೆಜ್ಡಿ ಕವರ್‌ಗಳ ಮಾತು ಬೇರೆ. ಪಾಲಿಶ್ ಮೇಲೆ ಪಾರದರ್ಶಕ ಪುಡಿ ಹಾಕಿಸುವ ಮಧ್ಯಮಾರ್ಗವೂ ಬಾಳಿಕೆ ಬರುವುದಿಲ್ಲ. ನುಣುಪಾದ ಲೋಹವನ್ನು ಪುಡಿ ಗಟ್ಟಿಯಾಗಿ ಹಿಡಿಯದ ಕಾರಣ ಒಂದು ಗೀರು ಬಿದ್ದರೆ ಅದರಡಿ ಹುಳು ಹರಿದಂಥ ಬಿಳಿ ಗೆರೆಗಳು ಏಳುತ್ತವೆ. ಕ್ರ್ಯಾಂಕ್‌ಕೇಸಿಗೆ ನೀರು ಬೆರೆಸಿ ಮಾಡುವ ವೇಪರ್ ಬ್ಲಾಸ್ಟಿಂಗ್ ಮಾಡಿಸಿ ಬರಿ ಲೋಹವಾಗಿಯೇ ಬಿಡುವುದು ಹೆಚ್ಚು ನಿರಪಾಯ.

ಇಂಜಿನ್ ನಂಬರ್ ಮತ್ತು ಕಾನೂನು

ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿದ ಇಂಜಿನ್ ನಂಬರ್ ಬ್ಲಾಸ್ಟಿಂಗ್‌ನಿಂದ ಸವೆಯುತ್ತದೆ, ಪುಡಿಯಿಂದ ತುಂಬಿಹೋಗುತ್ತದೆ. ಆರ್.ಸಿ. ಪುಸ್ತಕದಲ್ಲಿರುವ ಅಂಕೆಗಳೊಡನೆ ಅದು ತಾಳೆಯಾಗಬೇಕಾದುದರಿಂದ ಆ ಜಾಗವನ್ನು ಎರಡೂ ಹಂತಗಳಲ್ಲಿ ಮುಚ್ಚಿಸಿ, ಕೆಲಸಕ್ಕೆ ಮುನ್ನ ಸ್ಪಷ್ಟವಾದ ಛಾಯಾಚಿತ್ರ ತೆಗೆದಿರಿಸಿಕೊಳ್ಳಬೇಕು.

ಇನ್ನೊಂದು ವಿಚಾರ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನವನ್ನು ‘ವಿಂಟೇಜ್’ ಎಂದು ‘ವಿಎ’ ಅಕ್ಷರಗಳುಳ್ಳ ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಅಂದು ಗೊತ್ತುಪಡಿಸಲಾಗಿತ್ತು. ಅದರ ಷರತ್ತೆಂದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. 1960ರ ದಶಕದ ಜಾವಾಗಳೆಲ್ಲ ಈಗ ಈ ವಯಸ್ಸನ್ನು ದಾಟಿವೆ. ಫ್ರೇಮು ಕತ್ತರಿಸಿ ಕಸ್ಟಮ್ ಕಟ್ಟುವ ಆಲೋಚನೆ ಉಳ್ಳವರು ತಮ್ಮ ಆರ್.ಸಿ.ಯಲ್ಲಿನ ವರ್ಷವನ್ನು ಮೊದಲು ನೋಡಿಕೊಳ್ಳಲಿ.

ಮರಳಿ ಜೋಡಿಸುವಾಗ

ಕೋಟಿಂಗ್ ಮುಗಿದು ಬಂದ ಕೇಸನ್ನು ಬಿಸಿನೀರು, ಸೋಪು, ಬ್ರಷ್‌ಗಳಿಂದ ತೊಳೆದು, ಪ್ರತಿಯೊಂದು ತೂತಿಗೂ ಕಂಪ್ರೆಸರ್ ಗಾಳಿ ಹಾಯಿಸಬೇಕು. ತೊಳೆದ ನೀರಿನಲ್ಲಿ ಬೆರಳಿಗೆ ಮರಳು ತಾಗದಾಗುವವರೆಗೆ ಇದು ನಡೆಯಬೇಕು. ಪುಡಿಯ ಪದರ ವಿದ್ಯುತ್ತನ್ನು ಹರಿಯಗೊಡದ ಕಾರಣ ಅರ್ಥ್ ವೈರು ಕೂರುವ ಜಾಗವನ್ನು ಬರಿ ಲೋಹ ಕಾಣುವಂತೆ ಕೆರೆಯಬೇಕು. ‘ಕಿಡಿ ಬರ್ತಾ ಇಲ್ಲ’ ಎಂದು ಕಾಯಿಲ್ ಬದಲಿಸುವ ಮುನ್ನ ನೋಡಬೇಕಾದ ಜಾಗ ಅದು. ಇಂಜಿನ್ ಜೋಡಿಸಿದ ಮೇಲೆ ಕಾರ್ಬುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿ.ಎಸ್.ಐ. ಗಾಳಿ ತುಂಬಿ, ಕೂಡುಮುಖಗಳಿಗೆ ಸೋಪಿನ ನೀರು ಸವರಿ ನೋಡಿದರೆ ಸೋರಿಕೆಯಿರುವ ಕಡೆ ಗುಳ್ಳೆ ಏಳುತ್ತದೆ. ಕೆಲವು ನಿಮಿಷ ಒತ್ತಡ ಇಳಿಯದೆ ನಿಂತರೆ ಕಿಕ್ ಹೊಡೆಯಬಹುದು.