ತಾಯಿಯ ಬಳ್ಳಿ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ನಮ್ಮ ಚಿತ್ರದುರ್ಗದ ಸೀಮೆಯಲ್ಲೂ ಎಲ್ಲರ ಬಾಯಲ್ಲಿದೆ. ಹೊಗಳುವಾಗ ಇದನ್ನು ಬಳಸುವುದು ಕಡಿಮೆ, ಕುಂದು ಎತ್ತಿ ಆಡುವಾಗಲೇ ಹೆಚ್ಚು. ಹೊಳಲ್ಕೆರೆ, ಹೊಸದುರ್ಗದ ಕಡೆ ಒಂದು ಮನೆಯಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರೆ ಮೊದಲು ಮಾತು ಬರುವುದು ತಾಯಿಯ ಮೇಲೆ, ಆಮೇಲೆ ಅವಳ ತವರಿನ ಮೇಲೆ. ಇಂಥ ಮಾತು ಕೇಳುತ್ತಲೇ ಬೆಳೆದವನು ನಾನು. ಆದ್ದರಿಂದ, ತಾಯಿಯ ಕಡೆಯಿಂದ ಮಾತ್ರ ಇಳಿದು ಬರುವ ರೋಗಗಳುಂಟು ಎಂದು ವಿಜ್ಞಾನವೇ ಹೇಳುವುದನ್ನು ಓದಿದಾಗ ನನಗೆ ಕುತೂಹಲಕ್ಕಿಂತ ದಿಗಿಲು ಹೆಚ್ಚಾಯಿತು. ಗಾದೆಗೆ ಪ್ರಯೋಗಾಲಯದ ಮೊಹರು ಬಿದ್ದರೆ ಆ ಹೆಣ್ಣಿನ ಗತಿ ಏನು? ಆ ವಿಜ್ಞಾನದ ಚರಿತ್ರೆಯನ್ನು ತಿರುವಿ ನೋಡಿದರೆ ಮಾತ್ರ ಬೇರೆಯೇ ಸಂಗತಿ ಕಾಣುತ್ತದೆ.

1871ರಲ್ಲಿ ಜರ್ಮನಿಯ ನೇತ್ರವೈದ್ಯ ಥಿಯೋಡರ್ ಲೆಬರ್ ಒಂದು ವಿಚಿತ್ರ ಕುರುಡನ್ನು ವಿವರಿಸಿದ. ಹರೆಯದ ಹುಡುಗನಿಗೆ ನೋವಿಲ್ಲದೆ ಒಂದು ಕಣ್ಣು ಮಂಜಾಗುತ್ತದೆ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಇನ್ನೊಂದೂ ಅದೇ ದಾರಿ ಹಿಡಿಯುತ್ತದೆ. ವಿಚಾರಿಸಿದರೆ ಸೋದರಮಾವನಿಗೂ ಹಾಗೇ ಆಗಿರುವುದುಂಟು. ಆದರೆ ಕುರುಡಾದ ಗಂಡಸಿನ ಮಕ್ಕಳಿಗೆ ಅದು ಬರುವುದಿಲ್ಲ. ಈ ಒಗಟು ನೂರು ವರ್ಷ ಬಿಡಿಸದೆ ಉಳಿಯಿತು.

ಉತ್ತರ ಇದ್ದದ್ದು ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ. ನಾವು ಉಂಡ ಅನ್ನವನ್ನು ಕಸುವಾಗಿ ಮಾಡುವ ಒಲೆಗಳು ಅವು. 1963ರಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಕೋಳಿಯ ಭ್ರೂಣದಲ್ಲಿ ಈ ಒಲೆಗಳಿಗೆ ತಮ್ಮದೇ ಡಿಎನ್‌ಎ ಇರುವುದನ್ನು ಕಂಡರು. 1981ರಲ್ಲಿ ಕೇಂಬ್ರಿಜ್‌ನ ತಂಡ ಮನುಷ್ಯನ ಆ ಡಿಎನ್‌ಎಯನ್ನು ಪೂರ್ತಿ ಓದಿತು: 16,569 ಅಕ್ಷರ, 37 ಜೀನು. 1988ರಲ್ಲಿ ಡಗ್ಲಾಸ್ ವ್ಯಾಲೇಸ್ ಮತ್ತು ಸಂಗಡಿಗರು ಲೆಬರ್ ಹೇಳಿದ ಕುರುಡಿನ ಕಾರಣ ತೋರಿಸಿದರು. 11,778ನೆಯ ಸ್ಥಾನದಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು! ವೀರ್ಯಾಣುವಿನ ಮೈಟೊಕಾಂಡ್ರಿಯಗಳು ಗರ್ಭ ಕಟ್ಟಿದ ಮೇಲೆ ನಾಶವಾಗುತ್ತವೆ. ಉಳಿಯುವುದು ಅಂಡಾಣುವಿನವು ಮಾತ್ರ. ಮಗನಿಗೂ ಮಗಳಿಗೂ ತಾಯಿಯದೇ ಬಂದರೂ ಮುಂದಕ್ಕೆ ದಾಟಿಸುವವಳು ಮಗಳೊಬ್ಬಳೇ.

ಹಾಗಾದರೆ ಹಲವು ಮನೆಗಳಲ್ಲಿ ತಾಯಿ ಆರೋಗ್ಯವಾಗಿದ್ದು ಮಗು ಮಾತ್ರ ನರಳುವುದೇಕೆ? ನನಗೆ ಹಿರಿಯೂರಿನ ವಾಣಿವಿಲಾಸ ಸಾಗರ ನೆನಪಾಗುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ನೀರು ಇರಲಿಲ್ಲವೆಂದಲ್ಲ, 130 ಅಡಿ ಮುಟ್ಟಲಿಲ್ಲ, ಅಷ್ಟೆ. ಒಂದೊಂದು ಅಂಡಾಣುವಿನಲ್ಲಿ ಲಕ್ಷಕ್ಕೂ ಮೇಲೆ ಮೈಟೊಕಾಂಡ್ರಿಯ ಡಿಎನ್‌ಎ ಪ್ರತಿಗಳಿರುತ್ತವೆ. ಅವುಗಳಲ್ಲಿ ಕೆಟ್ಟವು ಒಂದು ಮಟ್ಟ ಮೀರಿದಾಗಲೇ ಈ ಬಗೆಯ ಹೆಚ್ಚಿನ ರೋಗಗಳು ತಲೆ ಎತ್ತುವುದು. ಯಾವ ಅಂಡಾಣುವಿಗೆ ಎಷ್ಟು ಪಾಲು ಬೀಳುತ್ತದೆ ಎಂಬುದು ತಾಯಿಯ ಕೈಯಲ್ಲಿಲ್ಲ. ಅದು ಅವಳು ಹುಟ್ಟುವ ಮೊದಲೇ, ಅವಳ ತಾಯಿಯ ಗರ್ಭದಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಹೊತ್ತು ತಂದವಳು ಆಕೆ, ಮಾಡಿದವಳಲ್ಲ.

ಕಾರಣ ತಿಳಿದ ಮೇಲೆ ಮದ್ದಿನ ಹುಡುಕಾಟ. 2015ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಹೊಸ ವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ತಂದೆತಾಯಿಯರ ಕೋಶಕೇಂದ್ರದ ಡಿಎನ್‌ಎಯನ್ನು ಎತ್ತಿ, ಇನ್ನೊಬ್ಬ ಹೆಣ್ಣು ದಾನವಿತ್ತ ಅಂಡಾಣುವಿನಲ್ಲಿ, ಅದರ ಸ್ವಂತದ್ದನ್ನು ತೆಗೆದು, ಇಡುವುದು. ಒಲೆ ಆಕೆಯದು, ಅಡುಗೆ ಇವರದು. ಈ ರೀತಿ ನ್ಯೂಕ್ಯಾಸಲ್‌ನಲ್ಲಿ 7 ಮಂದಿ ತಾಯಂದಿರಿಗೆ 8 ಮಕ್ಕಳು ಹುಟ್ಟಿದ ವರದಿ 2025ರ ಜುಲೈನಲ್ಲಿ ಬಂತು. ಐದು ಮಕ್ಕಳ ರಕ್ತದಲ್ಲಿ ಕೆಟ್ಟ ಡಿಎನ್‌ಎ ಕಾಣಲಿಲ್ಲ. ಉಳಿದ ಮೂವರಲ್ಲಿ ಅಲ್ಪ ಪ್ರಮಾಣದಲ್ಲಿತ್ತು. ಆದರೆ ಈಗಾಗಲೇ ಹುಟ್ಟಿ ನರಳುತ್ತಿರುವವರಿಗೆ ಇದರಿಂದ ಪ್ರಯೋಜನವಿಲ್ಲ. ಅವರಿಗಾಗಿ ಬೇರೆ ದಾರಿಗಳು ತೆರೆದಿವೆ. 2018ರಲ್ಲಿ ಇಲಿಗಳಲ್ಲಿ ಕೆಟ್ಟ ಪ್ರತಿಗಳನ್ನೇ ಆರಿಸಿ ಕತ್ತರಿಸಲಾಯಿತು. ಹೆಸರಾದ ಕ್ರಿಸ್ಪರ್ ಕತ್ತರಿಯ ಮಾರ್ಗದರ್ಶಿ ಆರ್‌ಎನ್‌ಎ ಮೈಟೊಕಾಂಡ್ರಿಯದ ಒಳಗೆ ಸುಲಭವಾಗಿ ಹೋಗದು. ಆದ್ದರಿಂದ 2020ರಲ್ಲಿ ಡೇವಿಡ್ ಲಿಯು, ಜೋಸೆಫ್ ಮೂಗಸ್ ಅವರ ತಂಡಗಳು ಒಂದು ಬ್ಯಾಕ್ಟೀರಿಯದ ವಿಷವನ್ನೇ ಪಳಗಿಸಿ ಅಕ್ಷರ ತಿದ್ದುವ ಉಪಾಯ ಕಂಡುಕೊಂಡವು. ಲೆಬರ್ ಕುರುಡಿಗೆ ಕಣ್ಣಿನೊಳಗೆ ಸರಿಯಾದ ಜೀನನ್ನು ಚುಚ್ಚಿ ಪರೀಕ್ಷೆಗಳಾಗಿವೆ. ಆದರೂ ಇವು ಯಾವುವೂ ನಮ್ಮ ಜಿಲ್ಲಾ ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಮದ್ದಾಗಿಲ್ಲ.

ನಮ್ಮವರಿಗೆ ಸದ್ಯ ಎಟುಕುವುದು ರೋಗವನ್ನು ಗುರುತಿಸುವ ವಿದ್ಯೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಹೈದರಾಬಾದಿನ ಸಿಸಿಎಂಬಿಯೊಡನೆ ಸೇರಿ ಇಂಥ ರೋಗಿಗಳ ಮೈಟೊಕಾಂಡ್ರಿಯ ಡಿಎನ್‌ಎ ಓದಿದ್ದಾರೆ. ಆ ಓದಿನ ಬೆಲೆ ಸಣ್ಣದಲ್ಲ. ಮೈಟೊಕಾಂಡ್ರಿಯ ಕೆಡುವ ರೋಗಗಳೆಲ್ಲ ತಾಯಿಯಿಂದ ಬಂದವೂ ಅಲ್ಲ. ಕೋಶಕೇಂದ್ರದ ಜೀನು ಕೆಟ್ಟು ಬರುವವೂ ಬಹಳ, ಅವುಗಳಲ್ಲಿ ತಂದೆಗೂ ಪಾಲುಂಟು. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಆ ಎರಡನೆಯ ಬಗೆಯನ್ನು ಹೆಚ್ಚಿಸುತ್ತದೆ, ಮೊದಲನೆಯದನ್ನಲ್ಲ. ಪರೀಕ್ಷೆಯಿಲ್ಲದೆ ಯಾರನ್ನು ದೂರುವುದು?

ಊರ ಲೆಕ್ಕಾಚಾರ ಎಷ್ಟು ತಲೆಕೆಳಗೆಂದು ನೋಡಿ. ಲೆಬರ್ ರೋಗದಿಂದ ಕಣ್ಣು ಕಳೆದುಕೊಂಡ ಹುಡುಗನಿಗೆ ‘ಮಕ್ಕಳೂ ಕುರುಡಾದಾವು’ ಎಂದು ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಅವನಿಂದ ಆ ಭಯವೇ ಇಲ್ಲ. ಸಲಹೆ ಬೇಕಾದದ್ದು ಕಣ್ಣು ಚೆನ್ನಾಗಿರುವ ಅವನ ಅಕ್ಕತಂಗಿಯರಿಗೆ. ಅದೂ ಅವರ ಮದುವೆ ತಪ್ಪಿಸುವುದಕ್ಕಲ್ಲ, ಬಸಿರಿಗೆ ಮೊದಲು ತಿಳಿದ ವೈದ್ಯರನ್ನು ಕಾಣುವುದಕ್ಕೆ. ಅಂಥ ಮನೆಯವರು ಸೊಸೆಯ ತವರನ್ನು ಬೈಯುವ ಬದಲು, ಅವಳ ಅಜ್ಜಿ, ಚಿಕ್ಕಮ್ಮ, ಸೋದರಮಾವಂದಿರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲಿ. ವೈದ್ಯರು ಮೊದಲು ಕೇಳುವುದು ಅದನ್ನೇ.