ಶೇಂಗಾ ಹಸನು ಮಾಡುವ ಕ್ಯಾಮೆರಾ

ಬಣ್ಣ ಗುರುತಿಸಿ ಕಾಳು ಬೇರ್ಪಡಿಸುವ ಯಂತ್ರದ ಕಣ್ಣು ಇದು. ಅಲ್ಯೂಮಿನಿಯಂ ಕವಚ, ಗಾಜಿನ ಲೆನ್ಸ್, ಒಳಗೆ ಸಿಲಿಕಾನ್ ಸೆನ್ಸರ್. ಸೆನ್ಸರಿನ ಮೂಲ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಚಿಪ್. 2009ರಲ್ಲಿ ಅವರಿಗೆ ನೊಬೆಲ್ ಬಂತು.

ಲೆನ್ಸ್ ಬಿಚ್ಚಿಟ್ಟ ಕಡೆ ಬಗ್ಗಿ ನೋಡಿ. ಚೌಕಾಕಾರದ ಸೆನ್ಸರ್ ಇಲ್ಲ, ಕೂದಲೆಳೆಯಂಥ ಒಂದೇ ಗೆರೆ ಇದೆ. ಇದು ಇಡೀ ಚಿತ್ರ ತೆಗೆಯುವುದಿಲ್ಲ. ಜಾರುಹಲಗೆಯಿಂದ ಬೀಳುವ ಕಾಳನ್ನು ಗೆರೆ ಗೆರೆಯಾಗಿ ನೋಡುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಳುವ ಕಾಳನ್ನು ಸೆಕೆಂಡಿಗೆ 10,000 ಬಾರಿ ನೋಡಿದರೆ, ಒಂದೊಂದು ಗೆರೆಗೂ ಸಿಗುವುದು 0.4 ಮಿಲಿಮೀಟರ್. ಅಷ್ಟು ಸಣ್ಣ ಕಪ್ಪು ಕಲೆಯೂ ತಪ್ಪಿಸಿಕೊಳ್ಳುವುದು ಕಷ್ಟ. ಕಲೆ ಕಂಡ ಕೆಲವೇ ಮಿಲಿಸೆಕೆಂಡುಗಳಲ್ಲಿ ಕೆಳಗಿನ ನಳಿಕೆಯಿಂದ ಗಾಳಿ ಚಿಮ್ಮಿ ಆ ಕಾಳನ್ನು ಪಕ್ಕಕ್ಕೆ ತಳ್ಳುತ್ತದೆ. ಬಣ್ಣ ಸರಿಯಾಗಿ ಕಾಣಲು ಕಾಳಿನ ಮೇಲೆ ಬೀಳುವ ಎಲ್‌ಇಡಿ ಬೆಳಕು ಸದಾ ಒಂದೇ ಹದದಲ್ಲಿರಬೇಕು, ಗಾಜಿನ ಮೇಲೆ ದೂಳು ಕೂರಬಾರದು.

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಮಳೆಯಾಶ್ರಿತ ಹೊಲಗಳು ಶೇಂಗಾ ಬಲ್ಲವು. ಯಂತ್ರ ಮಾಡುವ ಈ ಕೆಲಸವನ್ನೇ ಇಲ್ಲಿ ತಲೆಮಾರುಗಳಿಂದ ಹೆಣ್ಣುಮಕ್ಕಳು ಮಾಡಿದ್ದಾರೆ; ಮೊರ ಹಿಡಿದು, ಮುಗ್ಗಿದ ಕಾಳನ್ನು ಕಣ್ಣಿನಿಂದಲೇ ಆರಿಸಿದ್ದಾರೆ. ಆ ಕೆಲಸ ಸಣ್ಣದಲ್ಲ: ಬಣ್ಣಗೆಟ್ಟ, ಮುದುಡಿದ ಕಾಳುಗಳಲ್ಲೇ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೆಚ್ಚಾಗಿರುತ್ತದೆ, ಅದು ಯಕೃತ್ತಿಗೆ ಮಾರಕ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆರಿಸಿ ತೆಗೆಯುವುದೇ ಮುಖ್ಯ ದಾರಿ.

ಹೊರಗೆ ಚೆನ್ನಾಗಿದ್ದು ಒಳಗೆ ಕೆಟ್ಟ ಕಾಳನ್ನು ಮಾತ್ರ ಈ ಕ್ಯಾಮೆರಾ ಹಿಡಿಯಲಾರದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು.